ಕೋಟೆ ಊರು

ಮಲ್ಕಾಜ್‌ಗಿರಿ
9 ಆಗಸ್ಟ್ 1987

ಚಿ. ನಲಿನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರಬೇಕು, ಮೈಯಲ್ಲಿ ಸರಿಯಿಲ್ಲದವರು ಇಷ್ಟು ಧೈರ್ಯ ಮಾಡುವುದಿಲ್ಲ. ಕಮಿಂಗ್ ಟು ದಿ ಪಾಯಿಂಟ್, ಎಂದು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟರು ದಿನಾ ಹೇಳುತ್ತಿದ್ದರು. ಹೇಳಿ, ಗಂಟೆ ಬಾರಿಸುವ ತನಕ ಪಾಯಿಂಟಿಗೆ ಬರುತ್ತಿರಲಿಲ್ಲ. ನಾನು ಬರುತ್ತೇನೆ.

ನಿನ್ನೆ ಸಿಕಂದರಾಬಾದ್ ಸ್ಟೇಷನ್ನಿನ ಹೊರಗೆ ಜಯತೀರ್ಥ ಸಿಕ್ಕಿದ್ದ. “ಏನ್ರಿ ರಾಯರ, ನಿಮ್ಮ ನಲಿನಿ ಭಾಷಾಶಾಸ್ತ್ರ ತಗೊಂಡಾಳಂತಲ್ಲ! ಹಾಸ್ಟೆಲಿನಾಗ ಬಾಜೂ ಖೋಲಿಯಾಕಿ ನಮ್ಮ ಕಮಲಾಕ್ಷಿ ಹೇಳಿದಳು” ಎಂದ. ನನ್ನ ಮಗಳು ಏನು ಓದುತ್ತಾಳೆಂಬುದನ್ನು ನನಗೆ ಹೇಳಲು ಅವನ ಮಗಳು ಬೇಕಾಯಿತು. “ಹೌದಲ್ಲ, ನಾನೇ ತಗೋ ಅಂದೆ” ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಹತ್ತಿದ್ದು ತಪ್ಪು ಬಸ್ಸು. ತಾರ್ನಾಕಾದಲ್ಲಿ ಇಳಿದು ವಾಪಸು ಬಂದೆ. ಅದೂ ನಿನ್ನ ಲೆಕ್ಕಕ್ಕೇ.

ಎಂ.ಎ. ಅರ್ಥಶಾಸ್ತ್ರ. ಸರಿ. ಅದರ ಜೊತೆಗೆ ಒಂದು ಮೈನರ್ ತೆಗೆದುಕೊಳ್ಳಲೇಬೇಕೆಂದರು. ಅದೂ ಸರಿ. ಸ್ಟ್ಯಾಟಿಸ್ಟಿಕ್ಸ್ ತಗೋ ಎಂದು ಜೂನ್‌ನಲ್ಲಿ ಹೇಳಿದ್ದೆ, ನೀನು ಗೋಣು ಆಡಿಸಿದ್ದೆ. ಆ ಗೋಣು ಯಾವುದಕ್ಕೆ ಆಡಿತೋ ಈಗ ಗೊತ್ತಾಯಿತು. ನೋಡು, ಎಲೆಯ ಮೇಲೆ ಅನ್ನವಿದೆ, ಸಾರಿದೆ. ಮೂಲೆಗೆ ಒಂದಿಷ್ಟು ಚಟ್ನಿ ಬಡಿಸುತ್ತಾರೆ. ಅದು ಮೈನರ್. ಆ ಚಟ್ನಿಯನ್ನಾದರೂ ತಿನ್ನುವ ಪದಾರ್ಥದಿಂದ ಅರೆದಿರಲಿ ಎಂದಷ್ಟೇ ನನ್ನ ವಾದ. ಭಾಷಾಶಾಸ್ತ್ರ! ಮಾತಾಡುವುದನ್ನು ಕಲಿಯಲು ಯೂನಿವರ್ಸಿಟಿ! ಗೂಡ್ಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ಹಮಾಲರಿಗೆ ತೆಲುಗು, ವ್ಯಾಪಾರಿಗಳಿಗೆ ಉರ್ದು, ಆಡಿಟ್‌ನವರಿಗೆ ಇಂಗ್ಲಿಷ್, ಮನೆಗೆ ಬಂದು ಕನ್ನಡ ಮಾತಾಡಿದೆ. ನನಗೆ ಯಾರೂ ಕರೆದು ಡಿಗ್ರಿ ಕೊಡಲಿಲ್ಲ.

ನಿನ್ನ ತಾಯಿ ಇದ್ದಿದ್ದರೆ ಇದಕ್ಕೆ ನಗುತ್ತಿದ್ದಳು. ನಗುವುದು ನನ್ನ ಕಡೆ ನೋಡಿಕೊಂಡೇ ಆಗಿರುತ್ತಿತ್ತು, ಅದು ಬೇರೆ. ಹಳೇ ಹೈದರಾಬಾದಿನ ಶಾಲಿಬಂಡಾದ ದೊಡ್ಡಮನೆಯ ಮಗಳು, ನಿಜಾಮನ ಕಚೇರಿಯಲ್ಲಿ ಅಜ್ಜ ಮುತ್ತಜ್ಜ ದುಡಿದವರು; ನಾವು ಹೊರಗಿನ ಊರಿನವರು.

ವಿಷಯ ಬದಲಿಸಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆಯಂತೆ. ಇದನ್ನೂ ಜಯತೀರ್ಥನೇ ಹೇಳಿದ. ಬದಲಿಸು, ಶನಿವಾರ ಮನೆಗೆ ಬಾ. ಬದಲಿಸದಿದ್ದರೆ ಬರುವ ತೊಂದರೆ ತೆಗೆದುಕೊಳ್ಳಬೇಡ.

ಯುವರ್ಸ್ ಫೇಯ್ತ್‌ಫುಲಿ,
ರಾಯಚೂರ ಹನುಮಂತರಾಯ
ನಿವೃತ್ತ ಹೆಡ್ ಗೂಡ್ಸ್ ಕ್ಲರ್ಕ್


ಲೇಡೀಸ್ ಹಾಸ್ಟೆಲ್
16 ಆಗಸ್ಟ್ 1987

ಅಪ್ಪನಿಗೆ ನಮಸ್ಕಾರ.

ಬದಲಿಸುವುದಿಲ್ಲ.

ಮಗಳಿಗೆ ಯಾರೂ ಯುವರ್ಸ್ ಫೇಯ್ತ್‌ಫುಲಿ ಎಂದು ಬರೆಯುವುದಿಲ್ಲ. ಅದು ವ್ಯಾಗನ್ ತಡವಾಯಿತೆಂದು ತಕರಾರು ಮಾಡುವ ವ್ಯಾಪಾರಿಗೆ ಬರೆಯುವುದು.

ಮಾತಾಡಲು ಕಲಿಯುವುದಕ್ಕೆ ನಾನು ಇದನ್ನು ತೆಗೆದುಕೊಂಡಿಲ್ಲ. ಅದು ನಿಮ್ಮನ್ನು ಕೇಳಿಕೇಳಿಯೇ ಬೇಕಾದಷ್ಟು ಬಂದಿದೆ. ಈ ವರ್ಷ ನಾನು ಒಂದು ಪೇಪರು ಬರೆಯಬೇಕು. ನಮ್ಮಂತೆ ಕರ್ನಾಟಕದ ಕಡೆಯಿಂದ ಬಂದು ಹೈದರಾಬಾದಿನಲ್ಲಿ ತಲೆಮಾರು ಕಳೆದವರ ಮನೆಗಳಲ್ಲಿ ಹೆಂಗಸರು ಆಡುವ ಮಾತು, ಅದು ವಿಷಯ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು. ಒಲೆಯ ಮುಂದೆ ಮಾತ್ರ ಉಳಿದ ಕನ್ನಡ. ಅಮ್ಮ ಇದ್ದಿದ್ದರೆ ಅವಳಿಂದಲೇ ಶುರು ಮಾಡುತ್ತಿದ್ದೆ. ಅವಳ ಮಾತು ನಿಮಗೆ ನೆನಪಿದ್ದಷ್ಟು ಬರೆದು ಕಳಿಸಿ. ದಯವಿಟ್ಟು ತಿದ್ದಬೇಡಿ.

ಬರಬೇಡ ಎಂದಿರಿ. ಬರುವುದಿಲ್ಲ.

ನಲಿನಿ


ಮಲ್ಕಾಜ್‌ಗಿರಿ
27 ಸೆಪ್ಟೆಂಬರ್ 1987

ನಲಿನಿಗೆ,

ಮಗಳು ಬದಲಿಸುವುದಿಲ್ಲವೆಂದ ಮೇಲೆ ಅವಳನ್ನು ಕೆಡಿಸಿದವರ ಮುಖವನ್ನಾದರೂ ನೋಡಿಬರೋಣ ಎಂದು ಗುರುವಾರ ನಾನೇ ನಿನ್ನ ಯೂನಿವರ್ಸಿಟಿಗೆ ಬಂದಿದ್ದೆ. ಹೌದು, ಬಂದಿದ್ದೆ. ಸಿಕಂದರಾಬಾದಿನಲ್ಲಿ ಒಂದು ಬಸ್ಸು, ಅಮೀರ್‌ಪೇಟೆಯಲ್ಲಿ ಇನ್ನೊಂದು. ಊರು ಮುಗಿದ ಮೇಲೂ ಅದು ಹೋಗುತ್ತಲೇ ಇತ್ತು. ಬಂಡೆ, ಅದರ ಮೇಲೆ ಬಂಡೆ, ಅದರ ಮೇಲೆ ಒಂದು ಮೇಕೆ. ಇಂಥ ಕಡೆ ಇಟ್ಟರೆ ಇವರ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ಸರ್ಕಾರಕ್ಕೆ ಇದೆ.

ನಿನ್ನ ಪ್ರೊಫೆಸರ್ ಗುರುಸಿದ್ದಪ್ಪನವರು ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದರು. ಕೊಪ್ಪಳದ ಕಡೆಯವರಂತೆ. ನಮ್ಮ ಕಾಲದ ಪ್ರೊಫೆಸರು ಬಂದರೆ ಬೆಂಚುಗಳೇ ಎದ್ದು ನಿಲ್ಲುತ್ತಿದ್ದವು.

“ಬರ್ರಿ, ಕೂಡ್ರಿ. ನಲಿನಿಯವರ ತಂದಿ ಅಲ್ರಿ? ನಿಮ್ಮ ಮನಿಯಾಗ ಚಹಾ ಸೋಸೋದಕ್ಕ ಏನಂತೀರಿ?”

ನಾನು ಇನ್ನೂ ಕುರ್ಚಿಗೆ ತಾಗಿರಲಿಲ್ಲ. “ಸೋಸಣಿಗೆ” ಎಂದೆ. ಹೊರಗಿನವರ ಮುಂದೆ ಪುಸ್ತಕದ ಮಾತನ್ನೇ ಆಡಬೇಕು.

“ಖರೇ ಹೇಳ್ರಿ. ನಿಮ್ಮ ಮಗಳು ಛನ್ನಿ ಅಂತ ಹೇಳ್ಯಾಳ.”

“ಹುಡುಗಿ, ತಪ್ಪು ಮಾತಾಡ್ತಾಳ್ರಿ.”

“ತಪ್ಪು ಅನ್ನೋದು ನಮ್ಮ ಡಿಪಾರ್ಟ್‌ಮೆಂಟಿನಾಗ ಇಲ್ರಿ. ಮಂದಿ ಹೆಂಗ ಮಾತಾಡ್ತಾರೋ ಅದ ಸರಿ ಐತಿ.”

“ಭಾಳ ಛಲೋ ಆತು. ತಪ್ಪ ಇಲ್ಲಂದ್ರ ಪರೀಕ್ಷಾದಾಗ ನಾಪಾಸ್ ಹ್ಯಾಂಗ ಮಾಡ್ತೀರಿ?”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗಸ್ತೀರಿ ನೋಡ್ರಿ ರಾಯರ” ಎಂದು ಚಹಾ ತರಿಸಿದರು. ಅಷ್ಟೆಲ್ಲ ವಿಚಾರಣೆಯಾದ ಚಹಾ. ಲೋಟದ ತಳದಲ್ಲಿ ಒಂದು ಚಮಚ ಪುಡಿ ಕೂತಿತ್ತು.

ಆಮೇಲೆ ನಿನ್ನ ತಾಯಿಯ ಮಾತು ಹೇಗಿತ್ತೆಂದು ಕೇಳಿದರು. ಹೇಳಿದೆ. ನನ್ನ ಊರಿನ ಹೆಸರನ್ನು ಒಮ್ಮೆಯೂ ಬಾಯಲ್ಲಿ ತರದ ಹೆಂಗಸು ಎಂದೆ. ಅಷ್ಟು ದೊಡ್ಡ ರಾಯಚೂರಿಗೆ ‘ಕೋಟೆ ಊರು’ ಎನ್ನುತ್ತಿದ್ದಳು. ಜನ ಸತ್ತುಹೋಗಿ ಬರೀ ಕಲ್ಲು ಉಳಿದಿರುವ ಹಾಗೆ. ನಗುತ್ತಿದ್ದ ಮನುಷ್ಯ ನಗು ನಿಲ್ಲಿಸಿ, “ನಿಮ್ಮ ಪೂರ್ತಿ ಹೆಸರು ಏನ್ರಿ?” ಎಂದರು. ಅದು ನಿಮ್ಮ ಸಿಲಬಸ್‌ನಲ್ಲಿ ಇಲ್ಲ ಎನ್ನಬೇಕೆಂದಿದ್ದೆ. ಆದರೂ ಹೇಳಿದೆ. “ಅವರಿಗೆ ಅಕ್ಕ ತಂಗ್ಯಾರು ಅದಾರೇನ್ರಿ?” ಎಂದು ಮತ್ತೊಂದು. ನನಗೆ ಹೆಣ್ಣು ನೋಡುತ್ತಿದ್ದಾರೋ ಎಂದು ಎದ್ದು ಬಂದೆ.

ಹೊರಗೆ ಬೇವಿನ ಮರದ ಕೆಳಗೆ ನೀನು ಕಮಲಾಕ್ಷಿಯ ಜೊತೆ ನಿಂತು ನಗುತ್ತಿದ್ದೆ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು. ಹಾಗೆ ನಗುವ ಇನ್ನೊಬ್ಬಳನ್ನಷ್ಟೇ ನಾನು ಕಂಡಿದ್ದು. ಕರೆಯಲಿಲ್ಲ. ಕರಾರು ಎಂದರೆ ಕರಾರು. ಹಾಸ್ಟೆಲಿನ ಕಾವಲುಗಾರನ ಕೈಗೆ ಚಟ್ನಿಪುಡಿ ಕೊಟ್ಟು ಬಂದಿದ್ದೇನೆ, ನಾನೇ ಕುಟ್ಟಿದ್ದು. ಡಬ್ಬಿ ವಾಪಸು ಬರಬೇಕು. ಅದು ಸ್ಟೀಲಿನದು.

ವಿತ್ ಡ್ಯೂ ರೆಸ್ಪೆಕ್ಟ್ಸ್ (ನಿನಗಲ್ಲ, ಡಬ್ಬಿಗೆ),
ರಾಯಚೂರ ಹನುಮಂತರಾಯ


ಮಲ್ಕಾಜ್‌ಗಿರಿ
1 ನವೆಂಬರ್ 1987

ನಲಿನಿಗೆ,

ದಸರೆ ಹೋಯಿತು, ದೀಪಾವಳಿ ಹೋಯಿತು. ನೀನು ಬರಲಿಲ್ಲ, ಡಬ್ಬಿಯೂ ಬರಲಿಲ್ಲ. ಎದುರುಮನೆಯ ಗಾರ್ಡ್‌ನ ಹೆಂಡತಿ ಬೊಬ್ಬಟ್ಲು ಕಳಿಸಿದ್ದಳು. ನಮ್ಮ ಹೋಳಿಗೆಯನ್ನು ಕದ್ದು ತೆಲುಗು ಹೆಸರಿಟ್ಟಿದ್ದಾರೆ. ತಿಂದೆ.

ಬರೆಯಲು ಕಾರಣ ಬೇರೆ. ಪುಷ್ಯ ಬಹುಳ ಪಂಚಮಿಗೆ ನಿನ್ನ ತಾಯಿಯ ವರ್ಷಾಬ್ದಿಕ. ಸಂಕ್ರಾಂತಿಗಿಂತ ಮುಂಚೆಯೇ ಬರುತ್ತದೆ. ಗೋದಕ್ಕ ರಾಯಚೂರಿನ ನಮ್ಮ ಹಳೇ ಮನೆಯಿಂದ ಪತ್ರದ ಮೇಲೆ ಪತ್ರ ಹಾಕುತ್ತಿದ್ದಾಳೆ: “ಅಕಿ ಈ ಮನಿ ಸೊಸಿ. ಅಕಿ ಮೊದಲನೇ ವರ್ಷದ್ದು ಇಲ್ಲೇ ಆಗಬೇಕು. ದಿನಾ ಪಡಸಾಲಿ ತೊಳದು ಕಾಯ್ಲಿಕತ್ತೀನಿ.” ಗೋದಕ್ಕನಿಗೆ ತೊಳೆಯಲು ಏನಾದರೂ ಒಂದು ಬೇಕು.

ನಾನು ಆಗುವುದಿಲ್ಲ ಎಂದು ಬರೆದೆ. ಬದುಕಿದ್ದಾಗ ಆ ಊರಿನ ಹೆಸರನ್ನೇ ಒಲ್ಲದವಳನ್ನು ಸತ್ತ ಮೇಲೆ ಅಲ್ಲಿಗೆ ಯಾಕೆ ಕರೆಯಬೇಕು? ಮದುವೆಯಾದ ಹೊಸತರಲ್ಲಿ, ಟ್ರಂಕು ಹಿಡಿದು ಹೊರಟಾಗ ಬಾಜೂ ಮನೆಯವರು “ಎಲ್ಲಿಗೆ ಹೊಂಟೀರಿ?” ಎಂದರೆ “ಅವರ ಊರಿಗೆ” ಎನ್ನುತ್ತಿದ್ದಳು. ‘ಅವರ’ ಊರು! ನನ್ನ ಮುಂದೆಯೇ. ನಾನು ಒಂದು ದಿನ ಅಡ್ಡ ನಿಂತು, “ಹೆಸರು ಹೇಳು, ನಾಲಿಗಿ ಸವೀತದೇನು?” ಎಂದಿದ್ದೆ. ಸುಮ್ಮನೆ ನಿಂತಳು. ರೈಲು ತಪ್ಪುವ ತನಕ ನಿಂತಳು, ಹೇಳಲಿಲ್ಲ. ಅಂಥ ಸೊಕ್ಕು.

ಕೊನೆಯದನ್ನೂ ಕೇಳು. ನೀನು ಔಷಧಿ ತರಲು ಹೋದಾಗ ಆಸ್ಪತ್ರೆಯಲ್ಲಿ ವೈದ್ಯರು ಬಂದಿದ್ದರು. ಎಚ್ಚರವಿದೆಯೋ ಇಲ್ಲವೋ ನೋಡಲು, “ನಿಮ್ಮ ಯಜಮಾನರ ಊರು ಯಾವುದಮ್ಮ?” ಎಂದರು. ಗೋಡೆಯ ಕಡೆ ಮುಖ ತಿರುಗಿಸಿದಳು. ಇಂಗ್ಲಿಷಿನಲ್ಲಿ ಇದಕ್ಕೆ ಏನೋ ಒಂದು ಮಾತಿದೆ, ಮರೆತಿದ್ದೇನೆ. ಕನ್ನಡದಲ್ಲಿ ತಿರಸ್ಕಾರ ಅನ್ನುತ್ತಾರೆ.

ಆದ್ದರಿಂದ ಇಲ್ಲೇ, ಪಟ್ಟಣದ ಮಠದಲ್ಲಿ ಮಾಡಿಸುತ್ತೇನೆ. ಅವಳಿಗೆ ಪ್ರಿಯವಾದ ಶಾಲಿಬಂಡಾ ಅಲ್ಲಿಂದ ಹತ್ತಿರ. ನೀನು ಬರುವುದಾದರೆ ಆ ಮೈನರ್ ಬಿಟ್ಟು ಬಾ. ಬಿಡದಿದ್ದರೆ ಪಿಂಡಪ್ರದಾನಕ್ಕೆ ಭಾಷಾಶಾಸ್ತ್ರದ ಅಗತ್ಯವಿಲ್ಲ.

ರಾಯಚೂರ ಹನುಮಂತರಾಯ


ಲೇಡೀಸ್ ಹಾಸ್ಟೆಲ್
29 ನವೆಂಬರ್ 1987

ಅಪ್ಪನಿಗೆ,

ಚಟ್ನಿಪುಡಿಗೆ ಉಪ್ಪು ಹೆಚ್ಚಾಗಿತ್ತು. ಮುಗಿಯಿತು.

ನೀವು ಬಂದುಹೋದ ಮರುದಿನ ಗುರುಸಿದ್ದಪ್ಪ ಸರ್ ನನ್ನನ್ನು ಕರೆದು, ಅಮ್ಮನಿಗೆ ಅಕ್ಕ ಇದ್ದಾಳೆಂದು ಕೇಳಿ ತಿಳಿದುಕೊಂಡು, “ನಿಮ್ಮ ತಾಯಿಯವರ ಅಕ್ಕನ ಮನಿಗೆ ಒಮ್ಮೆ ಹೋಗಿ ಬರ್ರಿ, ‘ಕೋಟೆ ಊರು’ ಯಾಕ ಅಂತ ಕೇಳ್ರಿ” ಎಂದಿದ್ದರು. ನನಗೆ ಹೋಗುವ ಮನಸ್ಸಿರಲಿಲ್ಲ. ಕಾರಣ ನನಗೆ ಗೊತ್ತೇ ಇತ್ತಲ್ಲ. ಚಿಕ್ಕಂದಿನಿಂದ ನೀವು ಹೇಳಿಕೊಟ್ಟದ್ದು. ನಿಮ್ಮ ಹೋದ ಪತ್ರ ಓದಿದ ಮೇಲೆ ಹೋದೆ.

ಯಮುನಾ ದೊಡ್ಡಮ್ಮ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಅವಳು ಆಡಿದ್ದನ್ನು ಆಡಿದ ಹಾಗೆಯೇ ಬರೆಯುತ್ತೇನೆ.

“ದೊಡ್ಡಮ್ಮ, ಅಮ್ಮಗ ರಾಯಚೂರು ಕಂಡ್ರ ಆಗ್ತಿರಲಿಲ್ಲೇನು?”

“ಯಾರಂದ್ರು?”

“ಅಪ್ಪ. ಅಕಿ ಊರಿನ ಹೆಸರ ತಗೋತಿರಲಿಲ್ಲಲ್ಲ.”

“ಹುಚ್ಚೀ. ಎಂ.ಎ. ಓದ್ಲಿಕತ್ತಿ, ಇಷ್ಟು ತಿಳೀಲಿಲ್ಲಾ? ನಿಮ್ಮಪ್ಪನ ಹೆಸರು ಹನುಮಂತರಾಯ. ಮಂದಿ ಕರಿಯೋದು ರಾಯರು ಅಂತ. ಆ ಊರಿನ ಹೆಸರಿನ ಸುರುವಿಗೆ ಏನದ? ಗಂಡನ ಹೆಸರು ಹಿಡೀಬಾರದು ಅಂತ ಎಲ್ಲಾರ ಮನ್ಯಾಗೂ ಅದ. ನಮ್ಮ ಮನ್ಯಾಗ ಹೆಸರಿನ ತುಂಡೂ ಹಿಡೀಬಾರದು. ನಮ್ಮ ಅಜ್ಜಿ ಕಲಿಸಿದ್ದು. ಹಿಡದ್ರ ಅವರ ಆಯುಷ್ಯ ಕಡಿಮಿ ಆಗ್ತದ.”

“ನೀನೂ ಹಂಗ ಮಾಡ್ತೀಯೇನು?”

ಒಳಗಿನಿಂದ ರಾಮಕೃಷ್ಣ ದೊಡ್ಡಪ್ಪ ಕೂಗಿದರು: “ಕೃಷ್ಣಾ ನದೀಗೆ ಏನಂತಾಳ ಕೇಳು ಅಕಿನ್ನ!”

“ದೊಡ್ಡ ಹೊಳಿ” ಎಂದಳು ದೊಡ್ಡಮ್ಮ, ಸೊಪ್ಪಿನಿಂದ ಕಣ್ಣೆತ್ತದೆ.

“ಸಂಕಟ ಬಂದ್ರ ಜಗತ್ತೆಲ್ಲಾ ರಾಮ ರಾಮ ಅಂತದ. ಇಕಿ ಶಿವ ಶಿವ ಅಂತಾಳ! ಮಠದಾಗ ಆಚಾರ್ರು ತಿರುಗಿ ನೋಡ್ತಾರ, ನನ್ನ ಮಾನ ಹೋಗ್ತದ.”

“ಮಾನ ಹೋದ್ರ ಹೋಗ್ಲಿ ಬಿಡ್ರಿ. ಆಯುಷ್ಯ ಉಳದದಲ್ಲ.”

ಅಮ್ಮ ನಿಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಬೇಕಂದ್ರ ಹೆಸರು ಅನ್ನಬೇಕಲ್ಲ? ಮೊದಮೊದಲು ನಿಮ್ಮಪ್ಪಗ ಗೊತ್ತದ ಅಂತ ತಿಳಕೊಂಡಿದ್ದಳು. ಆಮ್ಯಾಲ ರೈಲು ತಪ್ಪಿದ ದಿನ ಇಲ್ಲಿಗೆ ಬಂದು ಅತ್ತಳು. ನಾನ ಹೇಳ್ತೀನಿ ಅವರಿಗೆ ಅಂದೆ. ಬ್ಯಾಡ ಅಂದಳು. ‘ಹೇಳಿದ್ರ ಇದೆಲ್ಲಾ ಅಡಾಣಿತನ ಅಂತ ನಕ್ಕು, ಅನ್ನು ಅಂತ ಹಟ ಹಿಡೀತಾರ. ನನ್ನ ಬಾಯಿಂದ ಅನಸೇ ಬಿಡ್ತಾರ. ಸಿಟ್ಟಾದ್ರ ಆಗ್ಲಿ ಅಕ್ಕಾ, ಗಟ್ಟ್ಯಾಗಿ ಇರ್ಲಿ’ ಅಂದಳು. ನೀ ಹುಟ್ಟಿದ ಮ್ಯಾಲ ಅಕಿಗೆ ಹಗುರಾತು. ನಲಿನೀ ಅಪ್ಪಾ, ನಲಿನೀ ಅಪ್ಪಾ ಅಂತ ದಿನಾ ಎಷ್ಟು ಸರ್ತಿ ಕರೀತಿದ್ದಳು, ಕೇಳಿಲ್ಲೇನು?”

ಕೇಳಿದ್ದೇನೆ. ನೀವೂ ಕೇಳಿದ್ದೀರಿ.

ಗೋದತ್ತಿಯ ಮನೆಯಲ್ಲಿ ಈ ಪದ್ಧತಿ ಇಷ್ಟು ದೂರ ಹೋಗುವುದಿಲ್ಲ, ಹಾಗಾಗಿ ನಿಮಗೆ ಹೊಳೆದಿರಲಿಕ್ಕಿಲ್ಲ ಎಂದು ದೊಡ್ಡಮ್ಮ ನಿಮ್ಮ ಪರವಾಗಿ ವಾದ ಮಾಡಿದಳು. ನಾನು ಮಾಡುವುದಿಲ್ಲ. ನಾಲ್ಕು ಭಾಷೆ ಬಲ್ಲವರು ನೀವು. ಮೂಲೆಯ ಚಟ್ನಿ ಎಂದಿರಿ. ಊಟವೆಲ್ಲ ಮುಗಿದರೂ ನಿಮಗೆ ತಿಳಿಯದಿದ್ದದ್ದು ಆ ಚಟ್ನಿಯಲ್ಲಿತ್ತು.

ಮೈನರ್ ಬಿಡುವುದಿಲ್ಲ. ಅದನ್ನು ಬಿಟ್ಟರೆ ಮಾತ್ರ ಅಮ್ಮನ ವರ್ಷಾಬ್ದಿಕಕ್ಕೆ ಬರಬಹುದು ಎಂದಾದರೆ, ನನ್ನ ಪಾಲಿನ ಎಳ್ಳುನೀರನ್ನೂ ನೀವೇ ಬಿಡಿ.

ನಲಿನಿ


ಮಲ್ಕಾಜ್‌ಗಿರಿ
13 ಡಿಸೆಂಬರ್ 1987

ನಲಿನಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರಕ್ಕೆ ಯೋಗ್ಯವಲ್ಲ ಎಂದು ಇಟ್ಟಿದ್ದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಒಬ್ಬ ಮುದುಕಿ ಸೊಪ್ಪು ಬಿಡಿಸುತ್ತ ಏನೋ ಅಂದಳು, ನೀವು ಅದನ್ನು ಶಾಸ್ತ್ರ ಅಂದಿರಿ. ರೈಲ್ವೆಯಲ್ಲಿ ಒಂದು ಮೂಟೆ ಕಾಣೆಯಾದರೂ ಎರಡು ಹೇಳಿಕೆ ಬರೆಸಿಕೊಳ್ಳುತ್ತೇವೆ. ಅದೂ ಅಲ್ಲದೆ ನೀನು ಸರಿಯಾಗಿ ಹುಡುಕಿಯೂ ಇಲ್ಲ. ಸ್ಲಾಕ್ ವರ್ಕ್. ಗುರುವಾರದ ಪೂಜೆ ಎಲ್ಲಿ ಹೋಯಿತು? ಊರಿಗೆಲ್ಲ ಅದು ರಾಯರ ಪೂಜೆ. ನಮ್ಮ ಮನೆಯಲ್ಲಿ ಮಾತ್ರ ಗುರುಗಳ ಪೂಜೆ. ನೀನು ಅದೇ ಮನೆಯಲ್ಲಿ ಬೆಳೆದವಳು, ಕಿವಿ ಎಲ್ಲಿಟ್ಟಿದ್ದೆ? ಮಂತ್ರಾಲಯಕ್ಕೆ ಹೋದಾಗ ಬೃಂದಾವನದ ಮುಂದೆ ಸಾವಿರ ಜನ ರಾಯರೇ, ರಾಯರೇ ಎಂದು ಕೂಗುತ್ತಿದ್ದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಭಕ್ತಿ ಅಂದರೆ ಶಾಲಿಬಂಡಾದವರಿಗೆ ಅವಮಾನ ಎಂದು ನಾನು ಜಯತೀರ್ಥನ ಹತ್ತಿರ ಹೇಳಿದ್ದೆ, ಅವನು ನಕ್ಕಿದ್ದ. ಇದನ್ನು ಬರೆದುಕೋ. ಇಷ್ಟು ದೊಡ್ಡದನ್ನು ಬಿಟ್ಟು ಪೇಪರು ಬರೆಯುತ್ತಾಳಂತೆ.

ಇನ್ನೊಂದು. ಆಸ್ಪತ್ರೆಯ ವೈದ್ಯರು ಕೇಳಿದ್ದು ಎರಡು ಪ್ರಶ್ನೆ. ನಿನಗೆ ಬರೆದದ್ದು ಎರಡನೆಯದು. ಮೊದಲನೆಯದು ಗಂಡನ ಹೆಸರೇನು ಎಂದು. ಅದಕ್ಕೆ ನನ್ನನ್ನು ನೋಡಿದಳು. ಊರು ಕೇಳಿದಾಗ ಗೋಡೆಯ ಕಡೆ ತಿರುಗಿದಳು. ವೈದ್ಯರು ಕಾಗದದ ಮೇಲೆ ‘ಎಚ್ಚರವಿಲ್ಲ’ ಎಂದು ಬರೆದುಕೊಂಡು ಹೋದರು.

ಎಚ್ಚರವಿತ್ತು.

ಇದನ್ನು ಪೇಪರಿನಲ್ಲಿ ಹಾಕಬೇಡ.

ಹನುಮಂತರಾಯ


ಮಲ್ಕಾಜ್‌ಗಿರಿ
27 ಡಿಸೆಂಬರ್ 1987

ಚಿ. ನಲಿನಿಗೆ,

ನಿನ್ನ ಶಾಸ್ತ್ರದ ಬಗ್ಗೆ ನನ್ನ ಅಭಿಪ್ರಾಯ ಎಳ್ಳಷ್ಟೂ ಬದಲಾಗಿಲ್ಲ ಎಂದು ಮೊದಲೇ ಬರೆಯುತ್ತೇನೆ. ಚಪ್ಪಲಿ ಕಳಚಿ ಕೂಡುವ ಪ್ರೊಫೆಸರ ಬಗ್ಗೆಯೂ ಇಲ್ಲ. ಅವರು ನನ್ನ ಹೆಸರು ಕೇಳಿದಾಗಲೇ ವಿಷಯ ತಿಳಿದುಕೊಂಡಿದ್ದರು ಅನಿಸುತ್ತದೆ. ತಿಳಿದೂ ನನಗೆ ಹೇಳಲಿಲ್ಲ. ಚಹಾ ಕುಡಿಸಿ ಕಳಿಸಿದರು. ಅವರಿಗೆ ನನ್ನ ನಮಸ್ಕಾರ ತಿಳಿಸು.

ಇಂದು ಟಿಕೆಟಿಗೆ ಹೋಗಿದ್ದೆ. ಸಿಕಂದರಾಬಾದಿನ ಬುಕಿಂಗ್ ಆಫೀಸಿನ ಈಗಿನ ಅವತಾರ ನೋಡಬೇಕು ನೀನು. ನಮ್ಮ ಕಾಲದಲ್ಲಿ ಕ್ಲರ್ಕ್ ಅಂದರೆ ಟೈಮ್‌ಟೇಬಲ್ ಬಾಯಿಪಾಠ. ಈಗ ಗಡ್ಡ ಮೂಡದ ಒಬ್ಬ ಕಿಟಕಿಯ ಹಿಂದೆ ಕೂತು ಶೇಂಗಾ ಬಿಡಿಸಿಕೊಂಡು ತಿನ್ನುತ್ತಿದ್ದ. ಮುಖ ಎತ್ತದೆ, “ಎಕ್ಕಡಿಕಿ?” ಎಂದ.

“ಕೋಟೆ ಊರಿಗೆ” ಎಂದೆ.

ಯಾಕೆ ಹಾಗೆ ಅಂದೆ ಎಂದು ಕೇಳಬೇಡ. ಒಮ್ಮೆ ಅಂದು ನೋಡೋಣ ಅನಿಸಿತು.

“ಕೋಟಾನಾ? ರಾಜಸ್ಥಾನ್?”

“ಅಲ್ಲ.”

“ಮರಿ ಎಕ್ಕಡಿಕಿ, ಪೆದ್ದಾಯನಾ?” ಮತ್ತೆ ಎಲ್ಲಿಗೆಂದು ಅವನಿಗೆ ಬೇಸರ.

ಹಿಂದೆ ಸಾಲು ಬೆಳೆದಿತ್ತು. ಒಬ್ಬ, “ಅರೆ ಚಾಚಾ, ಗಾಂವ್ ಕಾ ನಾಮ್ ಬೋಲೋ, ಜಲ್ದಿ” ಎಂದು ಬೆನ್ನು ತಿವಿದ. ಸಾವಿರ ವ್ಯಾಗನ್‌ಗಳ ಚೀಟಿಯ ಮೇಲೆ ಆ ಊರಿನ ಹೆಸರು ಬರೆದ ಕೈ ಇದು. ಬಾಯಿ ತೆರೆದೆ. ಒಂದು ಸಾರಿ ಹೇಳದೆ ಇರಬೇಕೆಂದರೆ ಕುತ್ತಿಗೆಯಲ್ಲಿ ಎಷ್ಟು ಬೆವರು ಬರುತ್ತದೆ ಎಂಬುದು ನಿನ್ನ ಪುಸ್ತಕಗಳಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೊನೆಗೆ ಗೋಡೆಯ ಮೇಲಿನ ಬೋರ್ಡಿನ ಹತ್ತಿರ ಹೋಗಿ, ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

ಆ ಮೂರ್ಖ ನನ್ನನ್ನು ಮೂಗನೆಂದುಕೊಂಡ. ಶೇಂಗಾ ಕೆಳಗಿಟ್ಟು, ಬಹಳ ಮರ್ಯಾದೆಯಿಂದ, ಎಷ್ಟು ಟಿಕೆಟ್ ಎಂದು ಕೈಸನ್ನೆಯಲ್ಲೇ ಕೇಳಿದ.

ನಾನೂ ಎರಡು ಬೆರಳು ಎತ್ತಿದೆ.

ಗೋದಕ್ಕನಿಗೆ ಪಡಸಾಲೆ ತೊಳೆಯಲು ಬರೆದಿದ್ದೇನೆ. ಪಂಚಮಿಯ ಹಿಂದಿನ ದಿನ ಬೆಳಗಿನ ಗಾಡಿ. ಸ್ಟೇಷನ್ನಿನ ದೊಡ್ಡ ಗಡಿಯಾರದ ಕೆಳಗೆ ನಿಂತಿರುತ್ತೇನೆ. ಮೈನರ್ ಸಮೇತ ಬಾ. ನಿನಗೆ ಗಾಡಿ ಹತ್ತಿದರೆ ನಿದ್ದೆ. ದೊಡ್ಡ ಹೊಳೆ ಬಂದಾಗ ಎಬ್ಬಿಸುತ್ತೇನೆ. ಅದು ದಾಟಿದರೆ ಅವಳ ಊರು ಬಂದ ಹಾಗೆ.

ಡಬ್ಬಿ ಮರೆಯಬೇಡ.

ನಲಿನಿ ಅಪ್ಪ